ಅಳತೆ ಪುಸ್ತಕ ಓದಿದವರು: ಮೈಸೂರಿನ ಮಕ್ಕಳ ವಾರ್ಡಿನಲ್ಲಿ ನಮ್ಮ 11 ದಿನ

ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ಮತ್ತು ನನ್ನ ಎರಡೂವರೆ ವರ್ಷದ ಮಗ 11 ದಿನ ಇದ್ದು ಬಂದೆವು. ಅದರ ಬಗ್ಗೆ ಬರೆಯಬೇಕು ಅಂತ ಅಲ್ಲಿದ್ದಾಗಲೇ ಅಂದುಕೊಂಡಿದ್ದೆ. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಚೆನ್ನಾಗಿದ್ದದ್ದನ್ನೂ ಹೇಳುತ್ತೇನೆ, ನೋವಾದದ್ದನ್ನೂ ಹೇಳುತ್ತೇನೆ. ಯಾರ ಕೆಲಸಕ್ಕೂ ತೊಂದರೆ ಆಗುವುದು ಬೇಡ. ನಿಮ್ಮ ಮನೆಯಲ್ಲೂ ವರ್ಷಗಟ್ಟಲೆ ಔಷಧಿ ತಗೊಳ್ಳುವ ಮಗು ಇದ್ದರೆ, ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಏನನ್ನು ನೋಡಬೇಕು ಅಂತ ಇದರಿಂದ ಗೊತ್ತಾದರೆ ಸಾಕು.

ನಾವು ಹುಣಸೂರಿನವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮವರು ಗೂಡ್ಸ್ ಗಾಡಿ ಓಡಿಸುತ್ತಾರೆ. ಹೊಗೆಸೊಪ್ಪಿನ ಹರಾಜು ಶುರುವಾದರೆ ಅವರಿಗೆ ಬಿಡುವೇ ಇರುವುದಿಲ್ಲ. ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಅನ್ನುವ ಕಿಡ್ನಿ ಕಾಯಿಲೆ ಇದೆ. ಒಂದು ವರ್ಷ ಒಂಬತ್ತು ತಿಂಗಳಾಗಿದ್ದಾಗ ಶುರುವಾಯಿತು. ಒಂದು ದಿನ ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿತ್ತು. ಏನೋ ಹುಳ ಕಚ್ಚಿರಬೇಕು ಅಂದುಕೊಂಡೆವು. ಸಂಜೆಗೆ ಕಣ್ಣು ಸರಿಹೋಗಿ ಪಾದ ಊದಿತ್ತು. ನಾಲ್ಕನೇ ದಿನ ಚಡ್ಡಿಯ ಎಲಾಸ್ಟಿಕ್ ಹೊಟ್ಟೆಯ ಮೇಲೆ ಆಳವಾಗಿ ಅಚ್ಚೊತ್ತಿತ್ತು. ಅದನ್ನು ನೋಡಿ ನನಗೆ ಭಯ ಆಯಿತು. ಬಟ್ಟೆಯ ಅಳತೆ ಗೊತ್ತಿರುವ ಕೈ ಅಲ್ವಾ, ಮಗು ನಾಲ್ಕು ದಿನದಲ್ಲಿ ಇಷ್ಟು ದಪ್ಪ ಆಗುವುದಿಲ್ಲ ಅಂತ ತಿಳಿಯಿತು.

ಈ ಕಾಯಿಲೆಯಲ್ಲಿ ಕಿಡ್ನಿಯ ಜರಡಿ ಸಡಿಲವಾಗಿ, ರಕ್ತದಲ್ಲಿ ಇರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಆ ಪ್ರೋಟೀನ್ ಕಡಿಮೆಯಾದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ಟೀರಾಯ್ಡ್ ಔಷಧಿಗೆ ಇದು ಬಗ್ಗುತ್ತದೆ. ಮೊದಲ ಸಲ ಆರು ವಾರ ದಿನಾ, ಆಮೇಲೆ ಆರು ವಾರ ದಿನ ಬಿಟ್ಟು ದಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟೆವು. ವಾಸಿಯಾಯಿತು. ಆದರೆ ಇದು ಮತ್ತೆ ಮತ್ತೆ ಬರುವ ಕಾಯಿಲೆ. ಒಂದು ನೆಗಡಿ ಸಾಕು, ಮತ್ತೆ ಪ್ರೋಟೀನ್ ಹೋಗುವುದಕ್ಕೆ ಶುರುವಾಗುತ್ತದೆ.

ಅದಕ್ಕೇ ದಿನಾ ಬೆಳಗ್ಗೆ ಮೊದಲ ಮೂತ್ರ ಹಿಡಿದು, ಪ್ರೋಟೀನ್ ತೋರಿಸುವ ಪಟ್ಟಿ ಅದ್ದಿ ನೋಡುತ್ತೇನೆ. ಹಳದಿ ಬಣ್ಣದ ತುದಿ ಹಸಿರಾದಷ್ಟೂ ಪ್ರೋಟೀನ್ ಜಾಸ್ತಿ. ಅದ್ದಿದ ಮೇಲೆ 60 ಸೆಕೆಂಡಿಗೆ ಸರಿಯಾಗಿ ಬಾಟಲಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಬೇಕು. ಪ್ರೋಟೀನ್ ಜಾಸ್ತಿಯಾದಷ್ಟೂ ಪ್ಲಸ್ ಜಾಸ್ತಿ; ತೀರಾ ಸ್ವಲ್ಪ ಇದ್ದರೆ ಟ್ರೇಸ್ ಅಂತಾರೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನನಗೆ ಒಂದು ಪ್ಲಸ್ಸೂ ಎರಡು ಪ್ಲಸ್ಸೂ ಒಂದೇ ಥರ ಕಾಣುತ್ತವೆ. ಜಗಲಿಗೆ ಬಂದು ಹಗಲು ಬೆಳಕಲ್ಲಿ ನೋಡುತ್ತೇನೆ. ಪಟ್ಟಿ ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಬೇಕು, ಮಳೆಗಾಲದಲ್ಲಂತೂ ಮರೆಯಲೇಬಾರದು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಇವನ ಲೆಕ್ಕ ಬರೆದಿಡುತ್ತೇನೆ. ದಿನಾಂಕ, ಪ್ರೋಟೀನ್, ಔಷಧಿ ಎಷ್ಟು ಕೊಟ್ಟೆ, ವಾರಕ್ಕೊಮ್ಮೆ ತೂಕ. ಟೇಪು ಯಾವಾಗಲೂ ಕುತ್ತಿಗೆಯಲ್ಲೇ ಇರುತ್ತದೆ, ಹಾಗಾಗಿ ಹೊಟ್ಟೆಯ ಸುತ್ತಳತೆಯನ್ನೂ ಬರೆಯುವುದು ರೂಢಿಯಾಯಿತು. ಚೆನ್ನಾಗಿದ್ದಾಗ 19 ಇಂಚು.

ದಸರಾ ಕಳೆದ ಮಾರನೇ ವಾರ ಮೂರು ದಿನ ಸಾಲಾಗಿ 3 ಪ್ಲಸ್ ಬಂತು. ಮೂರು ದಿನ ಹಾಗೆ ಬಂದರೆ ಕಾಯಿಲೆ ಮರುಕಳಿಸಿದೆ ಅಂತ ಲೆಕ್ಕ. ಅವನನ್ನು ನೋಡುವ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ದಿನದ ಡೋಸ್ ಶುರು ಮಾಡಿದೆ. ಐದನೇ ದಿನ ಮಧ್ಯಾಹ್ನ ಹೊಟ್ಟೆ ನೋವು ಅಂತ ಅತ್ತ. ಸಂಜೆ ಎರಡು ಸಲ ವಾಂತಿ ಮಾಡಿದ. ಔಷಧಿಯೂ ಅದರಲ್ಲೇ ಹೋಯಿತು. ಜ್ವರ 100 ಡಿಗ್ರಿ ಇತ್ತು, ಜಾಸ್ತಿ ಏನಲ್ಲ.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ನೆಫ್ರೋಟಿಕ್ ಇದೆ ಅಂತ ಹೇಳಿದೆ. ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಅಲ್ಲಿನ ಡಾಕ್ಟರ್ ಅದನ್ನು ಪಕ್ಕಕ್ಕೆ ಸರಿಸಿ ಚೀಟಿ ಬರೆದರು. ಗ್ಯಾಸ್ ಆಗಿದೆ, ಜ್ವರ ಅಷ್ಟೇನಿಲ್ಲ, ಸುಮ್ನೆ ಗಾಬರಿ ಆಗಬೇಡಿ ಅಂದರು. ಹೊಟ್ಟೆ ಮುಟ್ಟಿ ನೋಡಲಿಲ್ಲ. ಸ್ಟೀರಾಯ್ಡ್ ಕುಡಿಯುವ ಮಗುವಿಗೆ ದೊಡ್ಡ ಸೋಂಕು ಬಂದರೂ ಜ್ವರ ಜೋರಾಗಿ ಕಾಣಿಸದೆ ಇರಬಹುದು ಅಂತ ನನಗೆ ಆಮೇಲೆ ತಿಳಿಯಿತು. ಆ ಸಂಜೆ ತಿಳಿದಿದ್ದರೆ ಅಲ್ಲಿಂದಲೇ ನೇರ ಮೈಸೂರಿಗೆ ಹೋಗುತ್ತಿದ್ದೆ. ಐದು ಗಂಟೆ ಕಳೆದುಹೋಯಿತು ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ರಾತ್ರಿ ಹನ್ನೊಂದಕ್ಕೆ ಅವನು ಮಂಡಿ ಮಡಚಿ ಎದೆಗೆ ಒತ್ತಿಕೊಂಡು ಮಲಗಿದ್ದ. ಕಾಲು ಸರಿಮಾಡಲು ಹೋದರೆ ಚೀರುತ್ತಿದ್ದ. ಹೊಟ್ಟೆಯ ಹತ್ತಿರ ಕೈ ತಂದರೆ ನನ್ನ ಕೈ ಹಿಡಿದು ತಳ್ಳುತ್ತಿದ್ದ. ಆಮೇಲೆ ತಳ್ಳುವುದನ್ನೂ ಬಿಟ್ಟ. ಪಾದ ತಣ್ಣಗಾಗಿತ್ತು. ನಮ್ಮವರು ಲೋಡು ಇಳಿಸಲು ಹೋಗಿದ್ದರು. ಎದುರು ಮನೆಯವರ ಓಮ್ನಿಯಲ್ಲಿ ಹೊರಟೆವು. ಬಿಳಿಕೆರೆ, ಇಲವಾಲ ಯಾವಾಗ ದಾಟಿದೆವೋ ಗೊತ್ತಿಲ್ಲ. ಮೈಸೂರಿನ ರಸ್ತೆಯಲ್ಲಿ ದಸರಾ ದೀಪಗಳು ಕೆಲವು ಕಡೆ ಇನ್ನೂ ಉಳಿದಿದ್ದವು. ಮಗ ಬೆಳಕು ಕಂಡರೆ ಕೈ ತೋರಿಸುವವನು. ಅವತ್ತು ಕಣ್ಣೇ ಬಿಡಲಿಲ್ಲ.

ಎಮರ್ಜೆನ್ಸಿಯಲ್ಲಿ ಒಬ್ಬ ಪಿಜಿ ಡಾಕ್ಟರ್ ಇದ್ದರು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವವರು. ಚಿಕ್ಕ ವಯಸ್ಸಿನ ಹುಡುಗಿ. ಪ್ರೋಟೀನ್ ಹೋಗುವ ಮಗು ಅಂತ ನಾನು ಅನ್ನುವಷ್ಟರಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, ‘ಸ್ಟೀರಾಯ್ಡ್ ಎಷ್ಟು, ಎಷ್ಟು ದಿನದಿಂದ? ಕೊನೇ ಡೋಸ್ ಹೊಟ್ಟೆಯಲ್ಲಿ ಉಳಿಯಿತಾ?’ ಎರಡನೇ ಪ್ರಶ್ನೆ, ‘ಊತ ಇಲ್ಲದಾಗ ತೂಕ ಎಷ್ಟಿತ್ತು?’ ನಾನು ಪುಸ್ತಕ ಕೊಟ್ಟೆ. ಅವರು ನಿಂತಲ್ಲೇ ಹಿಂದಿನ ನಾಲ್ಕು ಪುಟ ಓದಿದರು. 11.4 ಕೆಜಿ ಅಂತಿದ್ದ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ಅವತ್ತು ತಕ್ಕಡಿಯಲ್ಲಿ ಬಂದದ್ದು 13.6. ಮೇಲಿನದ್ದೆಲ್ಲ ನೀರು, ಆ ನೀರಿನ ತೂಕ ಹಿಡಿದು ಔಷಧಿ ಲೆಕ್ಕ ಹಾಕಿದರೆ ತಪ್ಪಾಗುತ್ತದೆ ಅಂತ ಅವರೇ ವಿವರಿಸಿದರು. ಈ ವಾರ್ಡಿನ ಬಗ್ಗೆ ನನಗೆ ಹೇಳಲಿಕ್ಕಿರುವ ದೊಡ್ಡ ಮಾತು ಇದೇ. ಅವರು ಪುಸ್ತಕ ಓದಿದರು.

ಹೊಟ್ಟೆಯೊಳಗೆ ನಿಂತಿದ್ದ ನೀರಿಗೆ ಸೋಂಕು ತಗುಲಿತ್ತು. ಪೆರಿಟೋನೈಟಿಸ್ ಅಂತಾರೆ. ಸಣ್ಣ ಸೂಜಿಯಿಂದ ಆ ನೀರು ತೆಗೆದಾಗ ಅಕ್ಕಿ ತೊಳೆದ ನೀರಿನ ಥರ ಮಸುಕಾಗಿತ್ತು. ಮೂತ್ರದಲ್ಲಿ ಆಲ್ಬುಮಿನ್ ಹೋಗುವಾಗ ಸೋಂಕಿನ ವಿರುದ್ಧ ಕಾಯುವ ಪ್ರೋಟೀನೂ ಅದರ ಜೊತೆ ಹೋಗುತ್ತದೆ. ಸ್ಟೀರಾಯ್ಡ್‌ನಿಂದ ಕಾಯುವ ಶಕ್ತಿ ಇನ್ನೂ ತಗ್ಗಿರುತ್ತದೆ. ಹೊಟ್ಟೆಯಲ್ಲಿ ನೀರು ನಿಂತಿದ್ದರೆ ಕ್ರಿಮಿಗೆ ಬೆಳೆಯಲು ಜಾಗ ಸಿಕ್ಕಿದ ಹಾಗೆ. ತಕ್ಷಣ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಅದರ ಜೊತೆ ಹೈಡ್ರೋಕಾರ್ಟಿಸೋನ್ ಅಂತ ಇನ್ನೊಂದು ಇಂಜೆಕ್ಷನ್, ಅದೂ ಸ್ಟೀರಾಯ್ಡೇ. ಹೊರಗಿನಿಂದ ಸ್ಟೀರಾಯ್ಡ್ ಕೊಡುತ್ತಾ ಹೋದರೆ ಮೈ ತಾನೇ ತಯಾರಿಸುವುದನ್ನು ಕಡಿಮೆ ಮಾಡಿಬಿಡುತ್ತದೆ. ದೊಡ್ಡ ಕಾಯಿಲೆ ಬಂದಾಗ ಜಾಸ್ತಿ ಬೇಕು, ಆದರೆ ಒಳಗಿನಿಂದ ಸಿಗುವುದಿಲ್ಲ. ಅದಕ್ಕೇ ಅವರು ಕೊನೇ ಡೋಸ್ ಬಗ್ಗೆ ಕೇಳಿದ್ದು. ಈ ವಿಷಯ ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮಗುವೂ ದಿನಾ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ, ವಾಂತಿಯಾಗಿ ಔಷಧಿ ನಿಲ್ಲದ ದಿನ ಏನು ಮಾಡಬೇಕು ಅಂತ ಇವತ್ತೇ ನಿಮ್ಮ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಎರಡು ದಿನ ಮಕ್ಕಳ ಐಸಿಯುವಿನಲ್ಲಿದ್ದ. ನನ್ನನ್ನು ಒಳಗೆ ಬಿಟ್ಟದ್ದು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ. ಇದು ನನಗೆ ಸರಿ ಕಾಣಲಿಲ್ಲ. ಎರಡೂವರೆ ವರ್ಷದ ಮಗು, ಮಾತು ಇನ್ನೂ ಪೂರ್ತಿ ಬರುವುದಿಲ್ಲ. ನೀರು ಬೇಕಾದರೆ ‘ಬೂ’ ಅಂತಾನೆ, ಅದು ಬೇರೆ ಯಾರಿಗೆ ಅರ್ಥವಾಗುತ್ತದೆ? ಸೋಂಕಿನ ಭಯ ಅಂದರು, ಒಪ್ಪುತ್ತೇನೆ. ಕೈ ತೊಳೆದು, ಗೌನ್ ಹಾಕಿಕೊಂಡು, ಮೂಲೆಯಲ್ಲಿ ಸುಮ್ಮನೆ ಕೂರುತ್ತೇನೆ ಅಂದೆ. ಆಗುವುದಿಲ್ಲ ಅಂದರು. ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಇಡೀ ರಾತ್ರಿ, ಒಳಗೆ ಯಾವ ಮಗು ಅತ್ತರೂ ನನ್ನ ಮಗನೇ ಅನ್ನಿಸುತ್ತಿತ್ತು. ಆ ನಿಯಮ ಬದಲಾಗಬೇಕು ಅಂತ ಸಲಹೆ ಪೆಟ್ಟಿಗೆಗೆ ಚೀಟಿ ಬರೆದು ಹಾಕಿ ಬಂದಿದ್ದೇನೆ.

ಸೂಜಿಯ ವಿಷಯವನ್ನೂ ಹೇಳಬೇಕು. ಊದಿದ ಕೈಯಲ್ಲಿ ನರ ಕಾಣುವುದಿಲ್ಲ. ಮೊದಲ ರಾತ್ರಿ ಐದು ಸಲ ಚುಚ್ಚಿದರು. ಐದನೇ ಸಲ ಎಡಗಾಲಿನ ಮೇಲೆ ಸಿಕ್ಕಿತು. ನಾನು ಅಳುತ್ತಾ, ತೊಡೆಸಂದಿಯ ದೊಡ್ಡ ನರಕ್ಕೇ ಹಾಕಿಬಿಡಿ ಅಂದೆ. ಈ ಕಾಯಿಲೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಅಲ್ಲಿ ಚುಚ್ಚುವುದನ್ನು ಆದಷ್ಟೂ ತಪ್ಪಿಸುತ್ತೇವೆ ಅಂತ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಆ ಹೊತ್ತಿನಲ್ಲಿ ಗದರಿಸದೆ ಕಾರಣ ಹೇಳಿದ್ದಕ್ಕೆ ನಾನು ಅವರಿಗೆ ಋಣಿ.

ಮೂರನೇ ದಿನ ವಾರ್ಡಿಗೆ ಬಂದೆವು. ಹದಿನಾರು ಮಂಚಗಳ ಹಾಲ್. ಮಂಚ ಗಟ್ಟಿಯಾಗಿತ್ತು, ಪಕ್ಕದ ಕಂಬಿ ಮೇಲೆತ್ತಿದರೆ ಸರಿಯಾಗಿ ಕೂರುತ್ತಿತ್ತು. ತಾಯಂದಿರಿಗೆ ಬೇರೆ ಮಂಚವಿಲ್ಲ. ಮಗುವಿನ ಪಕ್ಕ ಮುದುಡಿಕೊಂಡು ಮಲಗಬೇಕು, ಇಲ್ಲವೆಂದರೆ ಕೆಳಗೆ ಚಾಪೆ. ನಮಗೆ ಮೊದಲು ಕೊಟ್ಟ ಮಂಚದ ಪಕ್ಕದಲ್ಲಿ ಜೋರಾಗಿ ಕೆಮ್ಮುವ ಮಗು ಇತ್ತು. ಆ ತಾಯಿಯ ಮುಂದೆ ಹೇಳಲು ಮನಸ್ಸಾಗಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಕಿಟಕಿ ಪಕ್ಕದ ಮೂಲೆ ಮಂಚ ಕೊಟ್ಟರು. ಕೇಳಬೇಕು. ಕೇಳಿದರೆ ಕೊಡುವವರು ಅಲ್ಲಿದ್ದಾರೆ.

ಶೌಚಾಲಯ ಬೆಳಗ್ಗೆ ಏಳರ ಒಳಗೆ ಪರವಾಗಿಲ್ಲ. ಹತ್ತು ಗಂಟೆಯ ಮೇಲೆ ಹೋಗಲು ಆಗುವುದಿಲ್ಲ, ಮಧ್ಯಾಹ್ನ ಮತ್ತೆ ತೊಳೆಯುತ್ತಾರೆ. ಬಿಸಿನೀರು ಒಂದೇ ನಲ್ಲಿಯಲ್ಲಿ, ಅದೂ ಬೆಳಗ್ಗೆ ಮಾತ್ರ. ಲಿಫ್ಟ್ ಎರಡು ದಿನ ಕೆಟ್ಟಿತ್ತು.

ಊಟದ ವಿಷಯದಲ್ಲಿ ತುಂಬಾ ಕಷ್ಟಪಟ್ಟೆ. ಊತ ಇರುವಾಗ ಉಪ್ಪು ಕಡಿಮೆ ಇರಬೇಕು. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ. ನಾಲ್ಕನೇ ದಿನ ಹೊಟ್ಟೆನೋವು ತಗ್ಗಿದ ಕೂಡಲೇ ಇವನು ಅನ್ನ, ಅನ್ನ ಅಂತ ಹಠ ಹಿಡಿದ. ಕ್ಯಾಂಟೀನಿನ ಸಾರು, ಸಾಂಬಾರು ಎರಡರಲ್ಲೂ ಉಪ್ಪು ಜಾಸ್ತಿ. ಡಯಟ್ ಚಾರ್ಟ್ ಚೆನ್ನಾಗಿ ಬರೆದು ಕೊಟ್ಟಿದ್ದರು, ಆದರೆ ಅದರ ಪ್ರಕಾರ ಅಡುಗೆ ಮಾಡಿಕೊಡುವವರು ಇರಲಿಲ್ಲ. ಕೊನೆಗೆ ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮ ದಿನಾ ಎರಡು ಹೊತ್ತು ಉಪ್ಪಿಲ್ಲದ ಬೇಳೆ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ತಂದುಕೊಟ್ಟರು. ಮೈಸೂರಿನಲ್ಲಿ ಯಾರೂ ಇಲ್ಲದವರು ಏನು ಮಾಡಬೇಕು? ಎದುರು ಮಂಚದ ತಾಯಿ ಎಚ್.ಡಿ. ಕೋಟೆ ಕಡೆಯ ಹಾಡಿಯವರು. ಅವರ ಮಗುವಿಗೂ ಇದೇ ಕಾಯಿಲೆ. ಚಿಕ್ಕಮ್ಮ ತಂದದ್ದರಲ್ಲಿ ಅವರಿಗೂ ಒಂದು ಡಬ್ಬಿ ಇರುತ್ತಿತ್ತು. ಇಷ್ಟು ದೊಡ್ಡ ಆಸ್ಪತ್ರೆ ಮಕ್ಕಳ ವಾರ್ಡಿಗೆ ಉಪ್ಪಿಲ್ಲದ ಒಂದು ಪಾತ್ರೆ ಬೇಳೆ ಬೇಯಿಸಲಾರದೇ?

ಈಗ ಸಿಸ್ಟರ್‌ಗಳ ಬಗ್ಗೆ. ದಿನಾ ಬೆಳಗ್ಗೆ ಆರಕ್ಕೆ ತೂಕ, ಬಿ.ಪಿ., ಹೊಟ್ಟೆಯ ಸುತ್ತಳತೆ ನೋಡುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಮೂತ್ರ ಎಷ್ಟು ಹೋಯಿತು, ನೀರು ಎಷ್ಟು ಕುಡಿದ, ಎಲ್ಲದರ ಲೆಕ್ಕ. ವಾರ್ಡಿನ ಟೇಪು ಹಳೆಯದಾಗಿ ಅಂಕಿಗಳು ಅಳಿಸಿಹೋಗಿದ್ದವು. ನಾನು ನನ್ನದನ್ನು ಕೊಟ್ಟೆ. ನಾನು ಮನೆಯಲ್ಲಿ ಅವನನ್ನು ನಿಲ್ಲಿಸಿ ಅಳೆಯುತ್ತಿದ್ದೆ, ಬಟ್ಟೆಗೆ ಅಳೆಯುವ ಹಾಗೆ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ತಿದ್ದಿದರು. ಮಲಗಿಸಿ, ಹೊಕ್ಕುಳಿನ ಮಟ್ಟಕ್ಕೆ, ದಿನಾ ಒಂದೇ ಹೊತ್ತಿಗೆ, ಊಟಕ್ಕೆ ಮೊದಲು. ಆಗ ಮಾತ್ರ ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಬಹುದು. ಬಂದ ದಿನ 22 ಇಂಚು ಇದ್ದದ್ದು ಆರನೇ ದಿನಕ್ಕೆ 21 ಆಯಿತು.

ಅದೇ ಸಿಸ್ಟರ್. ಏಳನೇ ರಾತ್ರಿ ನಾನು ಕುಳಿತಲ್ಲೇ ನಿದ್ದೆ ಹೋಗಿದ್ದೆ. ಎದ್ದಾಗ ಆರೂವರೆ. ಪಟ್ಟಿ ನೋಡಲಿಲ್ಲವಲ್ಲ ಅಂತ ಗಾಬರಿಯಾಗಿ ಪುಸ್ತಕ ತೆಗೆದರೆ ಅವತ್ತಿನ ಸಾಲು ತುಂಬಿತ್ತು. ದಿನಾಂಕ, ಪ್ರೋಟೀನ್ 2 ಪ್ಲಸ್, ತೂಕ 12.5, ಹೊಟ್ಟೆ 20 ಮುಕ್ಕಾಲು. ಉರುಟಾದ ಅಕ್ಷರ, ನೀಲಿ ಇಂಕು. ನನ್ನನ್ನು ಎಬ್ಬಿಸಲಿಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆದರೆ ಅವರ ಕೆಲಸ ಮುಗಿಯುತ್ತಿತ್ತು. ನನ್ನ ಪುಸ್ತಕದಲ್ಲೂ ಬರೆದಿದ್ದರು. ಅವತ್ತು ಬಾತ್‌ರೂಮಿಗೆ ಹೋಗಿ ತುಂಬಾ ಹೊತ್ತು ಅತ್ತೆ.

ಐದನೇ ದಿನ ಆಲ್ಬುಮಿನ್ ಹಾಕಿದ್ದರು. ಡ್ರಿಪ್ಪಿನಲ್ಲಿ ನಿಧಾನವಾಗಿ, ನಾಲ್ಕು ಗಂಟೆ. ಆಮೇಲೆ ಮೂತ್ರ ಹೋಗಲು ಇನ್ನೊಂದು ಇಂಜೆಕ್ಷನ್. ಆ ನಾಲ್ಕು ಗಂಟೆಯೂ ಅರ್ಧ ಗಂಟೆಗೊಮ್ಮೆ ಬಿ.ಪಿ. ನೋಡಿದರು. ಸಂಜೆಗೆ ಕಣ್ಣಿನ ರೆಪ್ಪೆ ಇಳಿದು ಮಗನ ಮುಖ ಕಂಡಿತು. ಕ್ರಿಮಿ ಯಾವುದು ಅಂತಲೂ ಅಷ್ಟು ಹೊತ್ತಿಗೆ ಗೊತ್ತಾಯಿತು, ನ್ಯುಮೋಕಾಕಸ್. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವಂಥದ್ದು. ಅದನ್ನೇ ಹತ್ತು ದಿನ ಪೂರ್ತಿ ಕೊಟ್ಟರು.

ಬಿಲ್ಲಿಂಗ್ ಕೌಂಟರಿನ ಬಗ್ಗೆ ನನಗೆ ಬೇಸರ ಇದೆ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಮಧ್ಯರಾತ್ರಿ ಸೀದಾ ಬಂದವರು ನಾವು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಎಲ್ಲಿ ಅಂತ ಕೇಳಿದರು. ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ನಮ್ಮವರು ಎರಡು ದಿನದ ಬಾಡಿಗೆ ಬಿಟ್ಟು ಅದರ ಹಿಂದೆ ಓಡಾಡಿದರು. ಕೊನೆಗೆ ಆಯಿತು. ಆದರೂ ಆಲ್ಬುಮಿನ್ ಮತ್ತು ಕೆಲವು ಟೆಸ್ಟಿನ ಹಣ ಕೈಯಿಂದಲೇ ಹೋಯಿತು. ನನ್ನ ಓಲೆ ಇನ್ನೂ ಗಿರವಿಯಲ್ಲಿದೆ. ಏನೇನು ಕಾಗದ ಬೇಕು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದು ಎಮರ್ಜೆನ್ಸಿ ಬಾಗಿಲಲ್ಲೇ ಅಂಟಿಸಿದ್ದರೆ ಸಾಕಾಗಿತ್ತು.

ಹನ್ನೊಂದನೇ ದಿನ ಡಿಸ್ಚಾರ್ಜ್. ಪ್ರೋಟೀನ್ ಟ್ರೇಸ್‌ಗೆ ಇಳಿದಿತ್ತು, ತೂಕ 11.7. ದೊಡ್ಡ ಡಾಕ್ಟರ್ ಮಂಚದ ಮೇಲೆಯೇ ಕುಳಿತು ಇಪ್ಪತ್ತು ನಿಮಿಷ ಕನ್ನಡದಲ್ಲಿ ವಿವರಿಸಿದರು. ಮೂರು ದಿನ ಸಾಲಾಗಿ ಟ್ರೇಸ್ ಅಥವಾ ಏನೂ ಇಲ್ಲ ಅಂತ ಬಂದ ಮೇಲೆ ಡೋಸ್ ದಿನ ಬಿಟ್ಟು ದಿನಕ್ಕೆ ಬದಲಾಗಬೇಕು. ಚಿಕನ್‌ಪಾಕ್ಸ್ ಗುಳ್ಳೆ ಎದ್ದ ಮಗುವಿನ ಹತ್ತಿರ ಹೋದರೆ, ಇವನಿಗೆ ಏನೂ ಕಾಣದಿದ್ದರೂ ಅವತ್ತೇ ಬರಬೇಕು. ತಾಯಿ ಕಾರ್ಡ್ ತೆಗೆಸಿ ಲಸಿಕೆಗಳನ್ನು ಒಂದೊಂದಾಗಿ ನೋಡಿದರು. ನ್ಯುಮೋಕಾಕಲ್ ಲಸಿಕೆಯ ಮೂರೂ ಡೋಸ್ ಆಗಿದ್ದವು. ಆ ಕ್ರಿಮಿಯಲ್ಲಿ ಬಹಳ ಬಗೆಗಳಿವೆ, ಎರಡು ವರ್ಷ ದಾಟಿದ್ದರಿಂದ 23 ಬಗೆಗಳಿಗೆ ಆಗುವ ಇನ್ನೊಂದು ಲಸಿಕೆ ಚೇತರಿಸಿಕೊಂಡ ಮೇಲೆ ಹಾಕೋಣ ಅಂದರು. ದಡಾರ-ರುಬೆಲ್ಲಾದ ಎರಡನೇ ಡೋಸ್ ಬಾಕಿ ಇತ್ತು. ಅದು ಜೀವಂತ ಲಸಿಕೆ, ಅಂದರೆ ಬಲ ಕುಂದಿಸಿದ ಜೀವಂತ ವೈರಸ್ ಇರುವಂಥದ್ದು; ಸ್ಟೀರಾಯ್ಡ್ ಜಾಸ್ತಿ ಇರುವಾಗ ಹಾಕಬಾರದು. ನಮ್ಮ ಆಶಾ ಕಾರ್ಯಕರ್ತೆ ಪಾಪ ಪ್ರತಿ ತಿಂಗಳು ಬಂದು ಕರೆಯುತ್ತಿದ್ದರು, ನನಗೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಅವರಿಗೆ ತೋರಿಸಲು ಒಂದು ಚೀಟಿಯನ್ನೂ ಬರೆದುಕೊಟ್ಟರು.

ಅವರು ಕೊಟ್ಟ ಇನ್ನೊಂದು ಕಾಗದವನ್ನು ಲ್ಯಾಮಿನೇಟ್ ಮಾಡಿಸಿದ್ದೇನೆ. ಈ ಮಗುವಿಗೆ ನೆಫ್ರೋಟಿಕ್ ಇದೆ, ಸ್ಟೀರಾಯ್ಡ್ ತಗೊಳ್ಳುತ್ತಿದ್ದಾನೆ, ಹೊಟ್ಟೆನೋವು ಅಥವಾ ಜ್ವರ ಅಂತ ಬಂದರೆ ಮೊದಲು ಹೊಟ್ಟೆಯ ಸೋಂಕು ಇದೆಯಾ ನೋಡಿ, ಹೈಡ್ರೋಕಾರ್ಟಿಸೋನ್ ಇಷ್ಟು ಕೊಡಿ ಅಂತ ಅದರಲ್ಲಿದೆ. ಕೆಳಗೆ ಸಹಿ, ಸೀಲು. ಹೀಗೊಂದು ಕಾಗದ ಇದ್ದಿದ್ದರೆ ಆ ಸಂಜೆ ಮೇಜಿನ ಮೇಲಿನ ಪುಸ್ತಕವನ್ನು ಸರಿಸಿದವರೂ ಓದುತ್ತಿದ್ದರೋ ಏನೋ. ನೀವೂ ಕೇಳಿ ಪಡೆದುಕೊಳ್ಳಿ. ರಾತ್ರಿ ಹೊತ್ತು ವಾರ್ಡಿಗೆ ಫೋನ್ ಮಾಡಿ ಕೇಳಲು ಒಂದು ನಂಬರ್ ಮಾತ್ರ ಇಲ್ಲ. ಅದು ಬೇಕೇ ಬೇಕು.

ಐದು ನಕ್ಷತ್ರಕ್ಕೆ ಎಷ್ಟು ಅಂತ ಕೇಳಿದರೆ, ಡಾಕ್ಟರ್ ಮತ್ತು ಸಿಸ್ಟರ್‌ಗಳಿಗೆ ಐದಕ್ಕೆ ಐದು. ಊಟಕ್ಕೆ ಒಂದು. ಬಿಲ್ಲಿಂಗ್‌ಗೆ ಒಂದು. ಐಸಿಯುವಿನ ಚಿಕಿತ್ಸೆಗೆ ಐದು, ಅದರ ಬಾಗಿಲಿಗೆ ಏನೂ ಇಲ್ಲ. ಮತ್ತೆ ಹೀಗಾದರೆ ಅಲ್ಲಿಗೇ ಹೋಗುತ್ತೇನೆ. ಯೋಚಿಸುವುದೂ ಇಲ್ಲ.

ಹೋಗುವವರು ಎರಡು ಬೆಡ್‌ಶೀಟ್, ಒಂದು ಚಾಪೆ, ಬಿಸಿನೀರಿಗೆ ಫ್ಲಾಸ್ಕ್, ಮುಚ್ಚಳ ಇರುವ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ನಾಲ್ಕು ನಾಲ್ಕು ಪ್ರತಿ ಮಗುವಿನ ಫೈಲಿನಲ್ಲೇ ಇರಲಿ. ಮಂಗಳವಾರದ ಓಪಿಡಿಗೆ ಏಳಕ್ಕೇ ಟೋಕನ್ ಕೊಡುತ್ತಾರೆ. ಹೋದ ಮಂಗಳವಾರ ನಾವು ಹೋಗಿದ್ದೆವು. ಆ ಪಿಜಿ ಡಾಕ್ಟರ್ ಪುಸ್ತಕಕ್ಕೆ ಕೈ ಚಾಚಿದರು. ಮಗ ಅದನ್ನು ನನ್ನ ಚೀಲದಿಂದ ತಾನೇ ಎಳೆದು ಅವರ ಕೈಗೆ ಕೊಟ್ಟ.